ಸಮಿತಿಯವರು ನಾಳೆ ಬರ್ತಾರ

ಸಂಸತ್ತಿನ ಸ್ಥಾಯಿ ಸಮಿತಿಯೊಂದು ಬೆಂಗಳೂರಿಗೆ ಬರುತ್ತಿದೆ, ಕೆಲಸಗಾರರ ಕನ್ನಡವನ್ನು ಹಿಂದಿಯಲ್ಲಿ ಹೇಳುವವರೊಬ್ಬರು ಬೇಕು ಎಂದು ಕಾಲೇಜಿಗೆ ಫೋನು ಬಂದಾಗ ಪ್ರಿನ್ಸಿಪಾಲರು ಹಿಂದೆಮುಂದೆ ನೋಡದೆ ಮಹಾನಂದಾಳ ಹೆಸರು ಕೊಟ್ಟುಬಿಟ್ಟರು. ಮಹಾನಂದಾ ಗದಗಿನ ಕಡೆಯವಳು. ವೈಟ್‌ಫೀಲ್ಡಿನ ಆ ಕಾಲೇಜಿನಲ್ಲಿ ಹಿಂದಿ ಪಾಠ ಮಾಡುತ್ತಿದ್ದಳು. ಗಂಡ ಅಮರೇಶ್ ಜೊತೆ ಹೂಡಿಯ ಅಪಾರ್ಟ್‌ಮೆಂಟಿನಲ್ಲಿ ವಾಸ. ತರಗತಿಯಲ್ಲಿ ಲಿಂಗ, ವಚನ, ವಿಭಕ್ತಿ ಎಂದು ಎಷ್ಟು ಬೇಕಾದರೂ ಗಂಟಲು ಹರಿದುಕೊಳ್ಳಬಲ್ಲವಳಿಗೆ ಎಂ.ಪಿ.ಗಳ ನಡುವೆ ನಿಂತು ಮಾತಾಡುವುದೆಂದರೆ ಅಳುಕಾಯಿತು.

ದೆಹಲಿಯಿಂದ ಮಾತಾಡಿದ ಅಧಿಕಾರಿ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು. ಸಮಿತಿಯ ಮುಂದೆ ಯಾರು ಏನು ಹೇಳಿದರೆಂಬುದನ್ನು, ವರದಿ ಸದನದಲ್ಲಿ ಮಂಡನೆಯಾಗುವವರೆಗೆ ಹೊರಗೆ ಬಾಯಿ ಬಿಡುವಂತಿಲ್ಲ.

"ನನಗೂ ಹೇಳಂಗಿಲ್ಲೇನು?" ಎಂದ ಅಮರೇಶ್.

"ನಿನಗ ಮೊದ್ಲು ಹೇಳಂಗಿಲ್ಲ. ನಿನಗ ಹೇಳೂದು ಒಂದ, ಡಂಗುರಾ ಹೊಡಿಸೂದು ಒಂದ."

ಜನವರಿಯ ಒಂದು ಬೆಳಿಗ್ಗೆ ಸಮಿತಿಯ ಬಸ್ಸು ಹೋಟೆಲಿನಿಂದ ಬೊಮ್ಮನಹಳ್ಳಿಗೆ ಹೊರಟಿತು. ಸದಸ್ಯರೆಲ್ಲ ಬಂದಿರಲಿಲ್ಲ, ಹತ್ತು ಹನ್ನೆರಡು ಜನವಿದ್ದರು. ಅಧ್ಯಕ್ಷರು ಒಡಿಶಾದವರು, ವಿರೋಧ ಪಕ್ಷದ ಹಿರಿಯರು, ಎಪ್ಪತ್ತು ದಾಟಿದವರು. ಅವರ ಪಕ್ಕದಲ್ಲಿ ಕೂತಿದ್ದವರು ಆಳುವ ಪಕ್ಷದ ಸದಸ್ಯೆ, ರಾಜಸ್ಥಾನದವರು, ನಲವತ್ತರ ಆಸುಪಾಸು. ಇವರಿಬ್ಬರನ್ನೂ ಮಹಾನಂದಾ ಟಿ.ವಿ.ಯಲ್ಲಿ ನೋಡಿದ್ದಳು. ಸದನದಲ್ಲಿ ಈ ಅಧ್ಯಕ್ಷರು ಕಾಗದವೊಂದನ್ನು ಎತ್ತಿಹಿಡಿದು ಗುಡುಗುತ್ತಿದ್ದರು, ಆ ಸದಸ್ಯೆ ಎದ್ದು ನಿಂತು ಅವರನ್ನು ಕೂರಿಸಲು ಕೈ ಬೀಸಿ ಬೀಸಿ ಕೂಗುತ್ತಿದ್ದರು. ಕೊನೆಗೆ ಕಲಾಪವನ್ನೇ ಮುಂದೂಡಿದ್ದರು. ಅಂಥ ಇಬ್ಬರನ್ನು ಒಂದೇ ಸೀಟಿನಲ್ಲಿ ಕಂಡು, ಇವತ್ತು ಬಸ್ಸಿನಲ್ಲಿ ಏನಾಗುತ್ತದೋ ಎಂದು ಅವಳಿಗೆ ಭಯವಾಗಿತ್ತು.

ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತೇಬಿಟ್ಟಿತು. ಸದಸ್ಯೆ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಅಧ್ಯಕ್ಷರ ಮೂಗಿನ ಕೆಳಗೆ ಹಿಡಿದರು.

"ಮಾತ್ರೆ ನುಂಗಿ ಹಾಗೇ ಬಂದಿದ್ದೀರಿ. ತಲೆ ಸುತ್ತಿ ಬಿದ್ದರೆ ನಮ್ಮ ಪಕ್ಷದವರೇ ತಳ್ಳಿದರು ಅಂತಾರೆ. ತಿನ್ನಿ."

"ಇದರಲ್ಲಿ ಉಪ್ಪೇ ಇರೋದಿಲ್ಲ," ಎಂದು ಗೊಣಗುತ್ತಲೇ ಅಧ್ಯಕ್ಷರು ಒಂದು ರೊಟ್ಟಿ ತೆಗೆದುಕೊಂಡರು.

ಮಹಾನಂದಾಳ ಮುಖದಲ್ಲಿ ಏನು ಕಂಡಿತೋ, ಇಬ್ಬರೂ ನಕ್ಕರು. "ಅಲ್ಲಿ ಜಗಳ ಆಡೋದು ಸುಳ್ಳಲ್ಲಮ್ಮ," ಎಂದರು ಅಧ್ಯಕ್ಷರು. "ಅದೂ ನಿಜವೇ. ಆದರೆ ಅಲ್ಲಿ ಪಕ್ಷ ಹೇಳಿದಂತೆ ಮತ ಹಾಕಬೇಕು. ಸಮಿತಿಯಲ್ಲಿ ವಿಪ್ ಇಲ್ಲ, ಕ್ಯಾಮೆರಾ ಇಲ್ಲ. ಎರಡೂ ಸದನದವರು, ಎಲ್ಲ ಪಕ್ಷದವರು ಒಂದೇ ಮೇಜಿನ ಸುತ್ತ ಕೂತು ಕಾಗದ ಓದಬೇಕು, ಅಧಿಕಾರಿಗಳನ್ನು ಕರೆದು ಕೇಳಬೇಕು, ಜನ ಏನನ್ನುತ್ತಾರೆ ಅಂತ ಹೋಗಿ ನೋಡಬೇಕು. ಮಸೂದೆಯಾಗಲಿ ಬಜೆಟ್ಟಾಗಲಿ, ಸಾಲು ಸಾಲಾಗಿ ನೋಡೋಕೆ ಸದನದಲ್ಲಿ ಪುರಸೊತ್ತೆಲ್ಲಿ?"

"ನೋಡಿದ ಮೇಲೆ ಆರ್ಡರ್ ಮಾಡ್ತೀರಾ?"

"ಆರ್ಡರ್ ಮಾಡುವ ಅಧಿಕಾರ ನಮಗಿಲ್ಲ. ಶಿಫಾರಸು ಮಾಡ್ತೀವಿ. ಸರ್ಕಾರ ಉತ್ತರ ಕೊಡಬೇಕು. ಉತ್ತರ ಸರಿಯಿಲ್ಲದಿದ್ದರೆ ಮತ್ತೆ ಹೇಳ್ತೀವಿ."

"ಅತ್ತೆ ಇದ್ದ ಹಾಗೆ," ಎಂದರು ಸದಸ್ಯೆ ಡಬ್ಬಿ ಮುಚ್ಚುತ್ತ. "ಸೊಸೆ ಕೇಳಲಿ ಬಿಡಲಿ, ಹೇಳ್ತಾನೇ ಇರೋದು. ಹೇಳೋರಿದ್ದಾರೆ ಅಂತಲೇ ಅರ್ಧ ಮನೆ ನೆಟ್ಟಗಿರುತ್ತೆ."

ಆ ಸಲ ಸಮಿತಿ ಕೈಗೆತ್ತಿಕೊಂಡಿದ್ದ ವಿಷಯ ಕಾರ್ಖಾನೆಗಳ ಶಿಶುಪಾಲನಾ ಕೊಠಡಿ. ಹೆಣ್ಣುಮಕ್ಕಳು ದುಡಿಯುವ ದೊಡ್ಡ ಕಾರ್ಖಾನೆಗಳಲ್ಲಿ ಅವರ ಕೂಸುಗಳಿಗೊಂದು ಕೋಣೆ, ನೋಡಿಕೊಳ್ಳಲು ಒಬ್ಬ ಆಯಾ ಇರಲೇಬೇಕೆಂದು ಕಾನೂನಿದೆ. ಅದು ನಡೆಯುತ್ತಿದೆಯೇ ಎಂದು ನೋಡಲು ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್ ಆರಿಸಿದ್ದರು.

ಆ ಗಾರ್ಮೆಂಟ್ಸಿನಲ್ಲಿ ಕೋಣೆಯೇನೋ ಇತ್ತು. ಬಾಗಿಲ ಮೇಲೆ ಬೋರ್ಡೂ ಇತ್ತು. ಒಳಗೆ ಮಾತ್ರ ಚಾವಣಿ ಮುಟ್ಟುವಷ್ಟು ರಟ್ಟಿನ ಪೆಟ್ಟಿಗೆ. ಸಮಿತಿ ಬರುತ್ತದೆಂದು ಗೊತ್ತಾದ ಮೇಲೆ ಪೆಟ್ಟಿಗೆಗಳು ಹೊರಗೆ ಹೋದವು, ಗೋಡೆಗೆ ಹಳದಿ ಬಣ್ಣ ಬಂತು, ಆಟದ ಸಾಮಾನು ಬಂದವು. ಇದನ್ನೆಲ್ಲ ಓಡಾಡಿ ಮಾಡಿಸಿದವನು ಎಚ್.ಆರ್. ವಿಭಾಗದ ಕೃಷ್ಣ, ಆನೇಕಲ್ಲಿನವನು. "ನಾಳೆ ಎಲ್ರೂ ಮಕ್ಳನ್ನ ಕರ್ಕೊಂಡ್ ಬನ್ನಿ," ಎಂದು ಅವನೇ ಹೊಲಿಗೆಯ ಲೈನಿನಿಂದ ಲೈನಿಗೆ ಹೋಗಿ ಹೇಳಿದ. ಆಯಾ ಬೇಕಲ್ಲ? ಕಸ ಗುಡಿಸುವ ದುರ್ಗವ್ವನನ್ನು ಕರೆದು ನೀಲಿ ಸೀರೆ ಕೊಟ್ಟ.

ದುರ್ಗವ್ವ ರಾಯಚೂರಿನ ಮಾನ್ವಿ ಕಡೆಯವಳು. ಮೊದಲು ಕಟ್ಟಡ ಕೆಲಸಕ್ಕೆಂದು ಬಂದವಳು, ಮೊಣಕಾಲು ಸೋತ ಮೇಲೆ ಗಾರ್ಮೆಂಟ್ಸ್ ಸೇರಿದ್ದಳು. ಕಟ್ಟಡದ ಕೆಲಸದಲ್ಲಿದ್ದಾಗ ಜೊತೆಯ ಹೆಣ್ಣಾಳುಗಳ ಕೂಸುಗಳೆಲ್ಲ ಅವಳ ಸುಪರ್ದಿಗೇ ಬೀಳುತ್ತಿದ್ದವು. ಹಳೆಯ ಸೀರೆಯಲ್ಲಿ ಜೋಳಿಗೆ ಕಟ್ಟಿ, ಇಟ್ಟಿಗೆ ಹೊರುತ್ತ ಹೋಗಿಬರುವಾಗೆಲ್ಲ ಕಾಲಿನಿಂದ ಒಂದೊಂದು ತೂಗು ಕೊಟ್ಟು ಹೋಗುತ್ತಿದ್ದಳು. ಈಗ ನೀಲಿ ಸೀರೆ ಉಟ್ಟು, ಹಳದಿ ಕೋಣೆಯಲ್ಲಿ ಚಾಪೆ ಹಾಸಿ ಕೂತಾಗ ಅವಳಿಗೆ ತನ್ನ ಮನೆಗೇ ಬಂದ ಹಾಗಾಯಿತು.

ಸಮಿತಿ ಬರುವ ಹೊತ್ತಿಗೆ ಕೋಣೆ ಕಲಕಲ ಎನ್ನುತ್ತಿತ್ತು. ಒಂದು ಹುಡುಗಿ ದುರ್ಗವ್ವನ ಬೆನ್ನಿಗೆ ಜೋತುಬಿದ್ದಿತ್ತು. ಇನ್ನೊಬ್ಬ ಪ್ಲಾಸ್ಟಿಕ್ ಆನೆಯ ಸೊಂಡಿಲು ಕಡಿಯುತ್ತಿದ್ದ. ಅವಳ ತೊಡೆಯ ಮೇಲೆ ಚನ್ನಕ್ಕನ ಮಗಳು, ವರ್ಷ ತುಂಬದ ಕೂಸು, ಬೆರಳು ಚೀಪುತ್ತ ನಿದ್ದೆ ಹೋಗಿತ್ತು. ಚನ್ನಕ್ಕ ಮೇಲಿನ ಮಹಡಿಯಲ್ಲಿ ಕಾಲರ್ ಹೊಲಿಯುವವಳು. ದಿನವೂ ಮಗಳನ್ನು ವಠಾರದ ಮುದುಕಿಯೊಬ್ಬಳ ಹತ್ತಿರ ಬಿಟ್ಟು, ಹಾಲು ಕಟ್ಟಿದ ಎದೆ ಬಿಗಿದುಕೊಂಡು ಸಂಜೆಯವರೆಗೆ ಮಷಿನ್ನಿನ ಮುಂದೆ ಕೂರುತ್ತಿದ್ದಳು. ಅವತ್ತು ಮಾತ್ರ ನಡುವೆ ಇಳಿದುಬಂದು ಹಾಲು ಕುಡಿಸಿ ಹೋಗಿದ್ದಳು.

ಬಾಗಿಲ ಹೊರಗೆ ಕೃಷ್ಣ ಮಹಾನಂದಾಳನ್ನು ಪಕ್ಕಕ್ಕೆ ಕರೆದ.

"ಮೇಡಂ, ಆಯಮ್ಮಂಗೆ ಸ್ವಲ್ಪ ಬಾಯಿ ಜಾಸ್ತಿ. ಏನಾದ್ರೂ ಹೆಚ್ಚುಕಮ್ಮಿ ಅಂದ್ಬಿಟ್ರೆ, ನೀವೇ ಸ್ವಲ್ಪ ಅಡ್ಜಸ್ಟ್ ಮಾಡಿ ಹೇಳ್ಬಿಡಿ. ನನ್ನ ಕೆಲಸ ಹೋಗ್ಬಿಡುತ್ತೆ ಮೇಡಂ."

ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಮಹಾನಂದಾಳಿಗೆ ಅವನ ಮೇಲೆ ಸಿಟ್ಟಿಗಿಂತ ಕನಿಕರವೇ ಬಂತು. ಆದರೂ ಹೂಂ ಎನ್ನಲಿಲ್ಲ.

ಕುರ್ಚಿ ಹಾಕಿದ್ದರೂ ಅಧ್ಯಕ್ಷರು ಮೊಣಕಾಲ ಮೇಲೆ ಕೈಯೂರಿ ನಿಧಾನವಾಗಿ ಚಾಪೆಯ ಮೇಲೆಯೇ ಕೂತರು. ಸದಸ್ಯೆಯೂ ಕೂತರು. ಉಳಿದವರು ಗೋಡೆಗೊರಗಿ ನಿಂತರು. ಮಹಾನಂದಾ ನಡುವೆ ಮಂಡಿಯೂರಿದಳು.

"ಅಮ್ಮಾ, ಎಷ್ಟು ದಿನದಿಂದ ಮಕ್ಕಳನ್ನ ನೋಡ್ಕೊಳ್ತಾ ಇದ್ದೀರಿ?" ಎಂದು ಅಧ್ಯಕ್ಷರು ಕೇಳಿದ್ದನ್ನು ಅವಳು ಕನ್ನಡದಲ್ಲಿ ಹೇಳಿದಳು.

ದುರ್ಗವ್ವ ಬಾಗಿಲ ಕಡೆ ನೋಡಿದಳು. ಅಲ್ಲಿ ಜನರಲ್ ಮ್ಯಾನೇಜರ ಹಿಂದೆ ಕೃಷ್ಣ ಉಗುರು ಕಚ್ಚುತ್ತ ನಿಂತಿದ್ದ. ಜ್ವರ ಬಂದು ಮಲಗಿದ್ದಾಗ ಈ ಹುಡುಗನೇ ಔಷಧಿ ಕೊಡಿಸಿ, ರಜೆ ಹಾಕಿಸಿಕೊಟ್ಟಿದ್ದ. ಅವನಿಗೆ ಕೇಡಾಗುವ ಮಾತು ಅವಳ ಬಾಯಲ್ಲಿ ಬರುವಂತಿರಲಿಲ್ಲ. ದೇವರಂಥ ಮುದುಕರ ಮುಂದೆ ಸುಳ್ಳು ಹೇಳಲೂ ಮನಸ್ಸಾಗಲಿಲ್ಲ.

"ಕೂಸುಗಳ್ನ ಭಾಳ ವರ್ಷದಿಂದ ನೋಡೀನ್ರಿ ಯಪ್ಪಾ," ಎಂದಳು. ಅದು ನಿಜವಾಗಿತ್ತು.

"ಈ ಕೋಣೆ ಹೇಗಿದೆ?"

"ಖೋಲಿ ಚಲೋ ಐತ್ರಿ. ಗಾಳಿ ಬರ್ತೈತಿ. ಈಕಿ ನೋಡ್ರಿ, ನಮ್ಮ ಚನ್ನಕ್ಕನ ಮಗಳು. ಅವ್ವ ಆಗಳೆ ಬಂದು ಹಾಲು ಕುಡಿಸಿ ಹ್ವಾದ್ಲು. ಅವ್ವನೂ ನಕ್ಕೋತ ಹ್ವಾದ್ಲು, ಮಗಳೂ ನಕ್ಕೋತ ಮಲಗ್ತು."

"ನಿಮಗೆ ಇನ್ನೇನಾದರೂ ಬೇಕಾ? ಸಮಿತಿಗೆ ಏನಾದರೂ ಹೇಳೋದಿದೆಯಾ?"

ದುರ್ಗವ್ವ ಮಲಗಿದ್ದ ಕೂಸಿನ ತಲೆ ಸವರಿದಳು.

"ಏನೂ ಬ್ಯಾಡ್ರಿ. ನೀವು ನಾಳೆನೂ ಬರ್ರಿ. ನಾಡದೂ ಬರ್ರಿ. ದಿನಾ ಬರ್ರಿ. ನೀವು ಬಂದ್ರ ಈ ಬಾಗಿಲಾ ತಗದಿರ್ತೈತಿ."

ಮಹಾನಂದಾ ಕೃಷ್ಣನ ಕಡೆ ನೋಡಲಿಲ್ಲ. ನೋಡಿದರೆ ನಾಲಿಗೆ ತೊಡರೀತೆಂದು ಹೆದರಿಕೆ. ಅಧ್ಯಕ್ಷರ ಮುಖವನ್ನೇ ನೋಡುತ್ತ, ದುರ್ಗವ್ವ ಹೇಳಿದ್ದನ್ನು ಒಂದು ಮಾತೂ ಬಿಡದೆ, ಅಷ್ಟೇ ಸಾವಧಾನವಾಗಿ ಹಿಂದಿಯಲ್ಲಿ ಹೇಳಿದಳು.

ಆನೆ ಕಡಿಯುತ್ತಿದ್ದ ಹುಡುಗ ಅದನ್ನು ನೆಲಕ್ಕೆ ಬಡಿದ. ಅಧ್ಯಕ್ಷರು ಕೈಚಾಚಿ ಮಲಗಿದ್ದ ಕೂಸಿನ ಪಾದವನ್ನು ಹಿಡಿದುಕೊಂಡರು. ಅರ್ಥವಾಗದ್ದೇನೂ ಉಳಿದಿರಲಿಲ್ಲ, ಹಾಗಾಗಿ ಅವರು ಮತ್ತೇನೂ ಕೇಳಲಿಲ್ಲ.

"ಬರ್ತೀವಿ ಅಂತ ಹೇಳಮ್ಮ. ನಾಳೆ ಬರ್ತೀವಿ," ಎಂದರು.

ಹೊರಗೆ ಬಂದ ಮೇಲೆ ಅವರು ಜನರಲ್ ಮ್ಯಾನೇಜರನ್ನು ಹತ್ತಿರ ಕರೆದು ಮೆಲುದನಿಯಲ್ಲಿ ಹೇಳಿದರು: "ಸಮಿತಿಯ ಮುಂದೆ ಮಾತಾಡಿದವರಿಗೆ ಆ ಕಾರಣಕ್ಕೆ ಯಾರಾದರೂ ತೊಂದರೆ ಕೊಟ್ಟರೆ ಅದು ಸದನದ ಹಕ್ಕುಚ್ಯುತಿ ಆಗುತ್ತೆ. ನಿಮಗೆ ಗೊತ್ತಿರಲಿ ಅಂತ ಹೇಳಿದೆ, ಅಷ್ಟೇ." ಸದಸ್ಯೆ ಕೃಷ್ಣನ ಪಕ್ಕ ಹಾದುಹೋಗುತ್ತ, "ಬಣ್ಣ ಚೆನ್ನಾಗಿ ಆರಿಸಿದ್ದೀಯಪ್ಪ. ವಾಸನೆ ಹೋಗೋಕೆ ಇನ್ನೊಂದೆರಡು ದಿನ ಬೇಕು," ಎಂದರು. ಕೃಷ್ಣ ತಲೆ ತಗ್ಗಿಸಿದ.

ಸಂಜೆ ಹೋಟೆಲಿನ ಸಭಾಂಗಣದಲ್ಲಿ ಅಧಿಕಾರಿಗಳನ್ನೂ ಮಾಲೀಕರ ಸಂಘದವರನ್ನೂ ಕರೆಸಿದ್ದರು. ಬಾಗಿಲು ಮುಚ್ಚಿತು. ಆಡಿದ ಪ್ರತಿ ಮಾತನ್ನೂ ಬರೆದುಕೊಳ್ಳುವವರು ಒಂದು ಮೂಲೆಯಲ್ಲಿ ಕೂತರು. ಕನ್ನಡದ ಸಾಕ್ಷಿಗಳು ಇನ್ನೂ ಕೆಲವರಿದ್ದರಿಂದ ಮಹಾನಂದಾಳೂ ಅಲ್ಲಿದ್ದಳು. ಅಧಿಕಾರಿಯೊಬ್ಬರು, ಕಾನೂನು ಅನ್ವಯವಾಗುವ ಕಾರ್ಖಾನೆಗಳಲ್ಲಿ ಬಹುಪಾಲು ಎಲ್ಲೆಡೆ ಕೊಠಡಿ ಇದೆ ಎಂದು ಓದಿದರು.

ಅಧ್ಯಕ್ಷರು ಬೊಮ್ಮನಹಳ್ಳಿಯ ಹೆಸರೆತ್ತಲಿಲ್ಲ, ದುರ್ಗವ್ವನ ಹೆಸರನ್ನೂ ಎತ್ತಲಿಲ್ಲ. ಆಳುವ ಪಕ್ಷದ ಆ ಸದಸ್ಯೆಯೇ ಮೈಕು ಎಳೆದುಕೊಂಡರು.

"ಕೊಠಡಿ ಇದೆ ಅಂದಿರಿ. ಅದರಲ್ಲಿ ಮಕ್ಕಳಿದ್ದಾರಾ?"

"ಅದರ ಮಾಹಿತಿ ಪ್ರತ್ಯೇಕವಾಗಿ ಸಂಗ್ರಹಿಸಿಲ್ಲ, ಮೇಡಂ."

"ತಪಾಸಣೆಗೆ ಹೋಗುವಾಗ ಮೊದಲೇ ತಿಳಿಸಿ ಹೋಗ್ತೀರಾ?"

"ಸಾಮಾನ್ಯವಾಗಿ... ಹೌದು."

"ಮರುದಿನ ಯಾರಾದರೂ ಮತ್ತೆ ಹೋಗಿದ್ದುಂಟಾ?"

ಅಧಿಕಾರಿ ಪಕ್ಕದವರ ಮುಖ ನೋಡಿ, "ಪರಿಶೀಲಿಸಿ ಲಿಖಿತ ಉತ್ತರ ಕೊಡ್ತೀವಿ," ಎಂದರು. ತಮ್ಮದೇ ಸರ್ಕಾರದ ಅಧಿಕಾರಿಗಳೆಂದು ಆಕೆ ಬಿಡಲಿಲ್ಲ. ಇನ್ನೊಂದು ಪಕ್ಷದವರು ಅಲ್ಲಿಂದ ಮುಂದಕ್ಕೆ ಕೇಳಿದರು, ಮತ್ತೊಬ್ಬರು ಅದನ್ನು ಹಿಡಿದು ಇನ್ನಷ್ಟು ಬಿಡಿಸಿದರು. ಮನೆಯವರೆಲ್ಲ ಸುತ್ತ ಕೂತು ಒಂದೇ ಮೊರದ ಅಕ್ಕಿಯಲ್ಲಿ ಕಲ್ಲು ಆರಿಸುವಂತಿತ್ತು ಆ ಕೆಲಸ. ಯಾರೂ ದನಿ ಏರಿಸಲಿಲ್ಲ. ಮಹಾನಂದಾ ತನ್ನ ಕೆಲಸ ಮರೆತು ನೋಡುತ್ತ ಕೂತುಬಿಟ್ಟಳು.

ಸಭೆ ಮುಗಿದ ಮೇಲೆ ಅವಳು ಅಧ್ಯಕ್ಷರ ಹತ್ತಿರ ಹೋದಳು. "ಸರ್, ನಾಳೆ ಎಷ್ಟು ಹೊತ್ತಿಗೆ ಬೊಮ್ಮನಹಳ್ಳಿಗೆ?"

ಅವರ ಮುಖ ಸಣ್ಣದಾಯಿತು. ಬೆಳಿಗ್ಗೆಯೇ ಕೊಚ್ಚಿಗೆ ವಿಮಾನವಿತ್ತು. ಪ್ರವಾಸದ ವೇಳಾಪಟ್ಟಿಗೆ ಮೊದಲೇ ಅನುಮತಿ ಪಡೆದಿರುತ್ತಾರೆ, ಅದನ್ನು ಬದಲಾಯಿಸುವಂತಿರಲಿಲ್ಲ. "ಆ ಮಗುವಿನ ಕಾಲು ಹಿಡಿದಿದ್ದಾಗ ಬಾಯಿಗೆ ಬಂದುಬಿಟ್ಟಿತಮ್ಮ," ಎಂದರು. "ಆಕೆ ಕಾಯ್ತಾಳೆ. ನೀನಾದರೂ ಒಂದು ಸಲ ಹೋಗಿ ಹೇಳು. ಮುದುಕ ಕ್ಷಮೆ ಕೇಳಿದ ಅಂತ ಹೇಳು."

ಮನೆಗೆ ಬಂದಾಗ ಅಮರೇಶ್ ಬಾಗಿಲಲ್ಲೇ ಕಾಯುತ್ತಿದ್ದ. "ಏನಾತು?"

"ಹೇಳಂಗಿಲ್ಲ."

"ಊಟಕ್ಕೇನಿತ್ತು ಅಂತರ ಹೇಳು."

ಊಟದ ವಿಷಯ ಹೇಳಿದಳು. ಉಳಿದದ್ದನ್ನು ನುಂಗಿಕೊಂಡಳು.

ಶನಿವಾರ ಕಾಲೇಜು ಮುಗಿಸಿ ಅವಳು ಬೊಮ್ಮನಹಳ್ಳಿಗೆ ಹೋದಳು. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದಳು. ಕೋಣೆಗೆ ಬೀಗ ಬಿದ್ದಿರುತ್ತದೆ, ದುರ್ಗವ್ವ ಪೊರಕೆ ಹಿಡಿದು ಎಲ್ಲೋ ಇರುತ್ತಾಳೆಂದುಕೊಂಡಿದ್ದಳು. ನೋಡಿದರೆ ಬಾಗಿಲು ತೆರೆದಿತ್ತು. ದುರ್ಗವ್ವ ಅದೇ ನೀಲಿ ಸೀರೆಯಲ್ಲಿ, ಅದೇ ಚಾಪೆಯ ಮೇಲೆ ಕೂತು ಒಂದು ಕೂಸಿಗೆ ಅನ್ನ ಉಣಿಸುತ್ತಿದ್ದಳು.

"ಬರ್ರಿ ಅಕ್ಕಾರ! ಕೂಡ್ರಿ."

ಮಹಾನಂದಾ ಕೂತಳು. "ಯವ್ವಾ, ಸಮಿತಿಯವ್ರು..."

ದುರ್ಗವ್ವ ಅನ್ನದ ಕೈಯನ್ನೇ ಅಡ್ಡ ಹಿಡಿದಳು. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಬರಂಗಿಲ್ಲ ಅಂತ ಯಾರ ಮುಂದೂ ಅನಬ್ಯಾಡ್ರಿ," ಎಂದಳು. "ನನಗ ಗೊತ್ತೈತ್ರಿ. ದೊಡ್ಡ ಮಂದಿ, ದಿನಾ ಬರಾಕ ಅವ್ರಿಗೆ ಬ್ಯಾರೆ ಕೆಲಸ ಇಲ್ಲೇನು? ನಾ ಮಾತ್ರ ಮುಂಜಾನೆದ್ದು ಸೀರಿ ಉಟ್ಕೊಂಡು ಬರ್ತೀನಿ. ಯಾರರ ಕೇಳಿದ್ರ, ಸಮಿತಿಯವ್ರು ನಾಳೆ ಬರ್ತಾರ ಅಂತೀನಿ."

"ಅವ್ರು ಕ್ಷಮಾ ಕೇಳ್ಯಾರವ್ವ."

"ಅಯ್ಯ ಶಿವನ! ಅಷ್ಟು ಹಿರೇರು ನನ್ನ ಕ್ಷಮಾ ಯಾಕ ಕೇಳ್ಬೇಕು?" ಎಂದು ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಗೇಟಿನ ಹತ್ತಿರ ಕೃಷ್ಣ ಸಿಕ್ಕಿದ. ಅವನೂ ಸುತ್ತಮುತ್ತ ನೋಡಿಯೇ ಮಾತಾಡಿದ. "ಜಿ.ಎಂ. ಸಾರ್ ದಿನಾ ಕೇಳ್ತಾರೆ ಮೇಡಂ, ರೂಮ್ ಕ್ಲೋಸ್ ಮಾಡ್ಬಹುದಾ ಅಂತ. ನಾನು, ಸಾರ್, ಕಮಿಟಿ ಅಧ್ಯಕ್ಷರೇ ನಾಳೆ ಬರ್ತೀವಿ ಅಂದಿದ್ದಾರೆ, ಬಂದ್ಬಿಟ್ರೆ? ಅಂತೀನಿ. ಸುಮ್ನಾಗ್ತಾರೆ." ಆಮೇಲೆ ತಡೆದು, "ಅವರು ಬರಲ್ಲ ಅಂತ ಆಯಮ್ಮಂಗೆ ಹೇಳ್ಬೇಡಿ ಮೇಡಂ, ಪಾಪ ನಂಬ್ಕೊಂಡಿದಾಳೆ," ಎಂದ.

ಮಹಾನಂದಾ ನಗು ತಡೆದುಕೊಂಡು ಬಸ್ ಸ್ಟಾಪಿಗೆ ನಡೆದಳು.

ಮಾರ್ಚಿನಲ್ಲಿ ಸಮಿತಿಯ ಕಚೇರಿಯಿಂದ ಕಾರ್ಖಾನೆಗೆ ನಿಜವಾಗಿಯೂ ಪ್ರಶ್ನೆಗಳು ಬಂದವು. ಎಷ್ಟು ಮಕ್ಕಳು ಬರುತ್ತಾರೆ, ತಾಯಂದಿರಿಗೆ ಹಾಲುಣಿಸಲು ಬಿಡುವು ಕೊಡುತ್ತೀರಾ, ಆಯಾ ಕಾಯಂ ನೌಕರಳೇ? ಸುಳ್ಳು ಬರೆದು ಸಿಕ್ಕಿಬೀಳುವುದಕ್ಕಿಂತ ನಿಜ ಮಾಡಿ ಬರೆಯುವುದೇ ಮೇಲೆಂದು ಕೃಷ್ಣ ಜನರಲ್ ಮ್ಯಾನೇಜರನ್ನು ಒಪ್ಪಿಸಿದ. ಅದರ ಮೇಲೆ ದುರ್ಗವ್ವನ ಕೈಯಿಂದ ಪೊರಕೆ ಶಾಶ್ವತವಾಗಿ ಹೋಯಿತು. ಶನಿವಾರಗಳಂದು ಮಹಾನಂದಾ ಚಿತ್ರದ ಪುಸ್ತಕ ಹಿಡಿದುಕೊಂಡು ಅಲ್ಲಿಗೆ ಹೋಗುವುದು ರೂಢಿಯಾಯಿತು. ಕೆಲವು ಸಲ ಅಮರೇಶನೇ ಬೈಕಿನಲ್ಲಿ ಬಿಡುತ್ತಿದ್ದ. "ಹೂಡಿಯಿಂದ ಬೊಮ್ಮನಹಳ್ಳಿತನಕ ಈ ಟ್ರಾಫಿಕ್ಕಿನ್ಯಾಗ ಯಾಕ ಹೊಂಟೀವಿ ಅಂತರ ಹೇಳ್ತೀಯೇನು?" ಎಂದರೆ, "ವರದಿ ಬರಲಿ," ಎನ್ನುತ್ತಿದ್ದಳು.

ಮುಂಗಾರು ಅಧಿವೇಶನದಲ್ಲಿ ವರದಿ ಮಂಡನೆಯಾಯಿತು. ಅಂದು ಸಂಜೆ ಮಹಾನಂದಾ ಗಂಡನನ್ನು ಸೋಫಾದ ಮೇಲೆ ಕೂರಿಸಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅಮರೇಶ್ ಕೇಳಿ, "ಇಷ್ಟು ದಿನ ಹೆಂಗ ಇಟ್ಕೊಂಡಿದ್ದಿ ಮಾರಾಯ್ತಿ?" ಎಂದ.

ಮರುಶನಿವಾರ ದುರ್ಗವ್ವನಿಗೆ ಓದಿ ಹೇಳಿದಳು. ದಪ್ಪ ವರದಿಯ ನಡುವೆ ಒಂದು ಪ್ಯಾರಾ. ಮೊದಲೇ ತಿಳಿಸಿ ಮಾಡುವ ತಪಾಸಣೆಯಿಂದ ಕೊಠಡಿ ಆ ಒಂದು ದಿನ ತೆರೆದಿರುತ್ತದೆಂಬುದು ಸಮಿತಿಯ ಗಮನಕ್ಕೆ ಬಂದಿದೆ. ಆದ್ದರಿಂದ ತಪಾಸಣೆಯ ನಂತರದ ದಿನಗಳಲ್ಲಿಯೂ ತಿಳಿಸದೆ ಭೇಟಿ ನೀಡಬೇಕೆಂದು ಸಮಿತಿ ಶಿಫಾರಸು ಮಾಡುತ್ತದೆ. ಅದಕ್ಕೆ ಯಾವ ಪಕ್ಷದವರೂ ಭಿನ್ನಾಭಿಪ್ರಾಯ ಬರೆದಿರಲಿಲ್ಲ.

"ನನ್ನ ಹೆಸರು ಐತೇನ್ರಿ ಅದ್ರಾಗ?"

"ಹೆಸರಿಲ್ಲವ್ವ. ಆದ್ರ ಮಾತು ನಿಂದ."

"ಮಾತು ನಂದ ಹೌದು, ಆದ್ರ ಎಷ್ಟು ಉದ್ದ ಮಾಡ್ಯಾರ್ರಿ!" ಎಂದು ದುರ್ಗವ್ವ ಆಶ್ಚರ್ಯಪಟ್ಟಳು.

ಆದರೆ ಇಂಥ ಸಮಿತಿಗಳನ್ನು ವರ್ಷ ವರ್ಷವೂ ಹೊಸದಾಗಿ ರಚಿಸುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಪತ್ರಿಕೆಯಲ್ಲಿ ಸಣ್ಣ ಸುದ್ದಿ ಬಂತು. ಒಡಿಶಾದ ಹಿರಿಯರನ್ನು ಬೇರೆ ಸಮಿತಿಗೆ ಹಾಕಿದ್ದರು. ಇಲ್ಲಿಗೆ ಹೊಸ ಅಧ್ಯಕ್ಷರು. ಆ ಸುದ್ದಿ ಜನರಲ್ ಮ್ಯಾನೇಜರ ಕಣ್ಣಿಗೂ ಬಿತ್ತು. ಕ್ರಿಸ್‌ಮಸ್ಸಿನ ಆರ್ಡರು ತಲೆಯ ಮೇಲೆ ಕೂತಿತ್ತು, ಪೆಟ್ಟಿಗೆ ಇಡಲು ಜಾಗವಿರಲಿಲ್ಲ. "ಆ ಅಧ್ಯಕ್ಷರೇ ಇಲ್ಲ ಅಂದ್ಮೇಲೆ ಇನ್ಯಾರು ಬರ್ತಾರೆ? ಈ ತಿಂಗಳು ರೂಮ್ ಬಿಡಿಸ್ಕೊಳ್ಳಿ," ಎಂದು ಅವರು ಕೃಷ್ಣನಿಗೆ ಹೇಳಿದರು.

ಸೋಮವಾರ ಬೆಳಿಗ್ಗೆ ತಾಯಂದಿರು ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಬಂದಾಗ ಅರ್ಧ ಕೋಣೆ ಪೆಟ್ಟಿಗೆಗಳಿಂದ ತುಂಬಿತ್ತು. ದುರ್ಗವ್ವ ಉಳಿದ ಅರ್ಧದಲ್ಲಿ ಚಾಪೆ ಬಿಚ್ಚಲಾಗದೆ ನಿಂತಿದ್ದಳು. ಅವಳು ಅವತ್ತು ಸಮಿತಿಯ ಹೆಸರು ಹೇಳಲಿಲ್ಲ. ಬಾಯಿ ಬಿಟ್ಟವಳು ಚನ್ನಕ್ಕ, ಅವಳೂ ಸಮಿತಿಯ ಹೆಸರೆತ್ತಲಿಲ್ಲ.

"ಸಾರ್, ಈಕಿ ಇಲ್ಲೇ ಇರ್ತಾಳ," ಎಂದು ಕೃಷ್ಣನಿಗೆ ಹೇಳಿ ಮಗಳನ್ನು ಒಂದು ಪೆಟ್ಟಿಗೆಯ ಮೇಲೆ ಕೂರಿಸಿದಳು. "ಇಲ್ಲೇ ಬೆಳದಾಳ, ಇಲ್ಲೇ ನಡಿಯಾಕ ಕಲ್ತಾಳ. ಬ್ಯಾರೆ ಕಡೆ ಎಲ್ಲಿ ಬಿಡ್ಲಿ ನಾ? ಖೋಲಿ ಖಾಲಿ ಆಗೂತನಕ ನಾ ಮ್ಯಾಲ ಹೋಗಂಗಿಲ್ಲ."

ಜನವರಿಯಲ್ಲಾಗಿದ್ದರೆ ಅವಳ ಬಾಯಲ್ಲಿ ಆ ಮಾತು ಬರುತ್ತಿರಲಿಲ್ಲ. ಆಗ ಕೋಣೆಯೆಂಬುದು ಬೋರ್ಡು ಮಾತ್ರವಾಗಿತ್ತು, ಈಗ ಕಳೆದುಕೊಳ್ಳಲು ಅಲ್ಲಿ ಏನೋ ಇತ್ತು. ಉಳಿದ ತಾಯಂದಿರೂ ಒಬ್ಬೊಬ್ಬರಾಗಿ ಮಕ್ಕಳನ್ನು ಪೆಟ್ಟಿಗೆಗಳ ಮೇಲೆ ಕೂರಿಸಿ ಗೋಡೆಗೊರಗಿ ನಿಂತರು. ಮೇಲೆ ಮಷಿನ್ನುಗಳ ಸದ್ದು ಅರ್ಧಕ್ಕರ್ಧ ಇಳಿಯಿತು. ಸದ್ದಿಲ್ಲದ್ದನ್ನು ಕೇಳಿಯೇ ಜನರಲ್ ಮ್ಯಾನೇಜರು ಓಡಿಬಂದರು. ಗದರಲು ಬಾಯಿ ತೆರೆದರು. ಅಷ್ಟರಲ್ಲಿ ಆನೆಯ ಸೊಂಡಿಲು ಕಡಿಯುತ್ತಿದ್ದ ಹುಡುಗ, ಹಡಗು ಹತ್ತಬೇಕಿದ್ದ ಪೆಟ್ಟಿಗೆಯ ಮೇಲೆ ಕೂತಲ್ಲೇ ಉಚ್ಚೆ ಹೊಯ್ದುಬಿಟ್ಟ.

"ಕೃಷ್ಣಾ! ತೆಗ್ಸಿ, ತೆಗ್ಸಿ! ಮೊದ್ಲು ಈ ಬಾಕ್ಸ್‌ಗಳನ್ನ ಇಲ್ಲಿಂದ ತೆಗ್ಸಿ!"

ಕೃಷ್ಣ ಯಾರನ್ನೂ ಕರೆಯಲಿಲ್ಲ, ತಾನೇ ಮೊದಲ ಪೆಟ್ಟಿಗೆ ಹೊತ್ತ. ಹೆಂಗಸರೆಲ್ಲ ನಗುತ್ತ ಕೈಜೋಡಿಸಿದರು. ಆಮೇಲೆ ಜನರಲ್ ಮ್ಯಾನೇಜರಿಗೂ ನಗು ತಡೆಯಲಾಗಲಿಲ್ಲವಂತೆ. ಪೆಟ್ಟಿಗೆಗಳಿಗೆ ಸೈಕಲ್ ಸ್ಟ್ಯಾಂಡಿನ ಪಕ್ಕ ಶೀಟು ಹಾಕಿಸಿದರು. ಆ ಕೋಣೆಗೆ ಮತ್ತೆ ಯಾರೂ ಕೈ ಹಾಕಲಿಲ್ಲ.

ಅಲ್ಲಿ ದೆಹಲಿಯಲ್ಲಿ ಕಾಗದದ ಕೆಲಸ ತನ್ನ ಪಾಡಿಗೆ ನಡೆದಿತ್ತು. ಸರ್ಕಾರ ಆ ಶಿಫಾರಸಿಗೆ 'ಗಮನಿಸಲಾಗಿದೆ' ಎಂದು ಉತ್ತರ ಕೊಟ್ಟಿತು. ಹೊಸ ಸಮಿತಿಯಲ್ಲೂ ಉಳಿದುಕೊಂಡಿದ್ದ ರಾಜಸ್ಥಾನದ ಸದಸ್ಯೆ ಪಟ್ಟುಹಿಡಿದರಂತೆ. ಉತ್ತರದಿಂದ ಸಮಾಧಾನವಾಗಿಲ್ಲ, ಹಿಂದಿನ ಶಿಫಾರಸನ್ನೇ ಪುನರುಚ್ಚರಿಸುತ್ತೇವೆ ಎಂದು ಮುಂದಿನ ವರದಿಯಲ್ಲಿ ಬಂತು. ಅದನ್ನು ಮಹಾನಂದಾಳಿಗೆ ತಿಳಿಸಿದವರು ಆ ಹಳೆಯ ಅಧ್ಯಕ್ಷರೇ. ಒಂದು ಶನಿವಾರ, ಅವಳು ಕೂಸುಗಳ ಕೋಣೆಯಲ್ಲಿದ್ದಾಗಲೇ ಅವರ ಫೋನು ಬಂತು. ಪೆಟ್ಟಿಗೆಗಳ ಕಥೆ ಹೇಳಿದಾಗ ಅವರು ಕೆಮ್ಮು ಬರುವಷ್ಟು ನಕ್ಕರು.

"ಆಕೆ ಅಲ್ಲೇ ಇದ್ದಾಳಾ? ಕೊಡಮ್ಮ, ಮಾತಾಡ್ತೀನಿ."

"ನಿಮಗೆ ಕನ್ನಡ ಬರಲ್ಲ, ಆಕೆಗೆ ಹಿಂದಿ ಬರಲ್ಲ, ಸರ್."

"ನೀನಿದ್ದೀಯಲ್ಲ?"

ಫೋನನ್ನು ಸ್ಪೀಕರಿಗೆ ಹಾಕಿ ದುರ್ಗವ್ವನ ಮುಂದೆ ಹಿಡಿದಳು. ದುರ್ಗವ್ವ ಸೆರಗು ಸರಿಮಾಡಿಕೊಂಡು, ಅದು ಒಡಿಶಾದವರೆಗೆ ಕೇಳಬೇಕಲ್ಲ ಎಂದು ಗಟ್ಟಿಯಾಗಿ ಕೂಗಿದಳು: "ಯಪ್ಪಾ, ಊಟಾ ಆತೇನ್ರಿ?"

ಆಯಿತೆಂದರು ಅವರು. ಮಹಾನಂದಾಳಿಂದ ತಿಳಿದಿದ್ದ ಅವಳ ಮೊಣಕಾಲ ನೋವು ಹೇಗಿದೆ ಎಂದು ಕೇಳಿದರು. ಅವಳು, ನಿಮ್ಮದು ಹೆಂಗೈತಿ, ಅವತ್ತು ಚಾಪಿ ಮ್ಯಾಲ ಕೂಡಾಕ ಭಾಳ ತ್ರಾಸು ಮಾಡ್ಕೊಂಡ್ರಿ, ಎಳ್ಳೆಣ್ಣಿ ಬೆಚ್ಚಗ ಮಾಡಿ ತಿಕ್ಕೋರಿ ಎಂದಳು. ಎಳ್ಳೆಣ್ಣೆಯ ಮಾತನ್ನು ಮಹಾನಂದಾ ಹಿಂದಿಗೆ ತಿರುಗಿಸುತ್ತಿರುವಾಗಲೇ ಜೋಳಿಗೆಯಲ್ಲಿ ಮಲಗಿದ್ದ ಹೊಸ ಕೂಸೊಂದು ಕಿರುಚಿತು.

"ಇಡ್ರಿ ಇಡ್ರಿ, ಕೂಸು ಎದ್ದೈತಿ!" ಎಂದು ದುರ್ಗವ್ವ ಮಾಜಿ ಅಧ್ಯಕ್ಷರನ್ನು ಅಲ್ಲೇ ಬಿಟ್ಟು ಎದ್ದು ಓಡಿದಳು.

"ಏನಂದಳು? ಏನಂದಳು?" ಎಂದು ಅವರು ಅತ್ತ ಕಡೆಯಿಂದ ಕೇಳುತ್ತಲೇ ಇದ್ದರು.